ಕಾರಣಕ್ಕ ಎರಡು ಗೆರಿ

ಸಾವಿರ ಪ್ರತಿ. ತೆಳ್ಳನ್ನ ಹಾಳಿ, ಕರೇ ಶಾಯಿ.
ಜೂನಿನಾಗ ನಾನಽ ಹೊಡದದ್ದು.
ಮ್ಯಾಲೆ ದಪ್ಪಕ್ಷರದಾಗ "ಪಾಲಕರಿಗೆ ತಿಳಿವಳಿಕೆ ಪತ್ರ",
ಕೆಳಗ "ನಿಮ್ಮ ಮಗ / ಮಗಳು", ಮುಂದ ಖಾಲಿ ಜಾಗ,
"ಸತತ", ಮತ್ತ ಖಾಲಿ ಜಾಗ, "ದಿನ ಶಾಲೆಗೆ ಗೈರುಹಾಜರು",
ಕಾಯ್ದೆ, ಕಲಮು, ಕಲಮಿನ ಹೊಟ್ಟ್ಯಾಗ ಉಪಕಲಮು,
"ಮಗುವನ್ನು ಶಾಲೆಗೆ ಕಳಿಸುವುದು ಪಾಲಕರ ಹೊಣೆ",
ಕಡೀಕ "ಕಾರಣ". ಅದಕ್ಕ ಎರಡು ಗೆರಿ.

ಕರಡಿನ್ಯಾಗ ಮೂರಿದ್ದುವು.
ಸಹಿ ಕೆಳಗ ಇಳದು ಹಾಳಿ ದಾಟತೈತಿ ಅಂತ
ಒಂದು ನಾನಽ ತಗದೆ.
"ಸಾಲಿ ತಪ್ಪಿಸಿದವರಿಗೆ ಹೇಳಾಕ ಏನಿರತೈತ್ರಿ?
ಜ್ವರ ಬಂದಿತ್ತು, ಊರಿಗೆ ಹೋಗಿದ್ವಿ. ಎರಡು ಸಾಕು."
ಮಾಲಕ ಗುರುಪಾದಪ್ಪನವರು ನಕ್ಕಿದ್ರು,
ಚಾ ತರಿಸಿದ್ರು.

ನಿನ್ನೆ ಸಂಜೀಕ ಅದರಾಗಿನ ಒಂದು ತಿರುಗಿ ಬಂತು,
ನಾಲ್ಕು ಮಡಿಕಿ ಆಗಿ, ಬೆಟಗೇರ್ಯಾಗಿನ ನಮ್ಮ ಬಾಗಲಕ್ಕ.
ಬಲಗಡಿ ಅಂಚಿನ್ಯಾಗ ಶಾಯಿ ತುಸು ಹರದಿತ್ತು
(ಆ ದಿನ ರೋಲರ್ ಕೈ ಕೊಟ್ಟಿತ್ತು, ನೆನಪೈತಿ).
ಖಾಲಿ ಜಾಗದಾಗ ಅಕ್ಕೋರ ನೀಲಿ ಅಕ್ಷರ:
ಮುದಕಪ್ಪ ಅಂದಾನೆಪ್ಪ ಕಟಗಿ.
ಹನ್ನೊಂದು.

ಹನ್ನೊಂದು ದಿನ!
ದಿನಾ ಪಾಟೀಚೀಲ ಹೊತ್ತಽ ಹೊಕ್ಕಿದ್ದ,
ದಿನಾ ಬುತ್ತಿ ಖಾಲಿ ಮಾಡಿಕೊಂಡಽ ಬರ್ತಿದ್ದ.
"ನೀ ನೋಡಬಾರದೇನು?" ಅಂದೆ ಅವರವ್ವಗ.
"ನಾ ಆರಕ್ಕ ಭಾಂಡಿ ತಿಕ್ಕಾಕ ಹೋಗಾಕಿ, ನೀವು ಎಂಟಕ್ಕ ಪ್ರೆಸ್ಸಿಗೆ.
ನೋಡೂ ಪಾಳಿ ಯಾರದು?" ಅಂದ್ಲು.
ಅದಕ್ಕ ಉಪಕಲಮು ಇಲ್ಲ.

ಹೊಡಿಬೇಕಂತ ಕೈ ಎತ್ತಿದೆ.
ಅಜ್ಜನ ಹೆಸರಿನ ಹುಡುಗ;
ಗ್ವಾಡಿ ಮ್ಯಾಲಿನ ಫೋಟೋದಾಗಿಂದ ನಮ್ಮಪ್ಪ ನೋಡಿಧಾಂಗಾತು.
ಇಳಿಸಿದೆ.

ಇವತ್ತು ಕೆಲಸಕ್ಕ ನಾನಽ ಗೈರು.
ಕಾಣದ್ಹಾಂಗ ಅವನ ಬೆನ್ನ ಹತ್ತಿದೆ.
ಸಾಲಿ ಗೇಟು ಕಂಡ್ರೂ ಕಾಣದವನ್ಹಾಂಗ ದಾಟಿ
ಸ್ಟೇಶನ್ನಿನ ಬ್ರಿಜ್ಜಿನ ಮೆಟ್ಟಲಾ ಏರಿದ,
ಕುಂತ, ನೋಟಬುಕ್ಕು ತಗದ.
ಹೊಸಪ್ಯಾಟಿ ಕಡಿಂದ ಅದಿರಿನ ಗೂಡ್ಸು ಬಂತು,
ಬೆರಳು ಮಾಡಿ ಒಂದೊಂದಽ ಡಬ್ಬಿ ಎಣಿಸಿದ.
ನಾನೂ ಎಣಿಸಿದೆ. ನನಗ ಐವತ್ತೇಳು ಬಂದುವು.

ಬಾಜೂಕ ಹೋಗಿ ಕುಂತೆ. ಓಡಲಿಲ್ಲ.
ನೋಟಬುಕ್ಕು ನಮ್ಮ ಪ್ರೆಸ್ಸಿಂದಽ, ಕಟಿಂಗ್ ಕೆಟ್ಟು ಉಳದದ್ದು.
ತಾರೀಖು, ಹೊತ್ತು, ಎಲ್ಲಿಂದ, ಎಷ್ಟು ಡಬ್ಬಿ,
ಬಾರದ ಗಾಡಿ ಮುಂದ ಕೆಂಪು ಪೆನ್ನಿಲೆ "ಗೈ".
ಇವತ್ತಿಂದು ಐವತ್ತೆಂಟು ಅಂತ ಬರದಿದ್ದ.
ವರ್ಷಾ ನೂರಾರು ಹಾಜರಿ ಪುಸ್ತಕ ಕಟ್ಟೂ ಕೈ ನಂದು,
ಇಷ್ಟು ನೆಟ್ಟಗ ಗೆರಿ ನಾ ಹೊಡದಿಲ್ಲ.

"ಯಾಕೋ?" ಅಂದೆ.
ಒಂದು ಪ್ಯಾಸೆಂಜರ್ ಬಂದು ನಿಂತು ಹೋಗೂತನಕ ಸುಮ್ಮನಿದ್ದ.
"ಹಾಜರಿ ಕರಿಯೂವಾಗ, ಅಪ್ಪಾ,
ಮುದಕಪ್ಪ ಅಂದಕೂಡ್ಲೆ ಹಿಂದಿನ ಬೆಂಚು ಪೂರಾ ಕೆಮ್ಮತೈತಿ,
ಮುದುಕರು ಕೆಮ್ಮಿಧಾಂಗ.
ಒಮ್ಮೆ ಸರ್‌ಗೂ ನಗಿ ಬಂತು."

ಈಗ ರಾತ್ರಿ. ಅವ ಮಲಗ್ಯಾನ.
"ಕಾರಣ" ಅಂದಲ್ಲಿ ಪೆನ್ನಿಟ್ಟು ಕುಂತೇನಿ.
ಹೆಸರಿಟ್ಟದ್ದು ನಾ ಅಂತ ಬರೀಲ್ಯೋ,
ಕೆಮ್ಮಿದವರ ಅಪ್ಪಂದಿರಿಗೆ ಪತ್ರ ಹೋಗೂದಿಲ್ಲೇನು ಅಂತ ಕೇಳ್ಲ್ಯೋ?
ಹನ್ನೊಂದು ದಿನದಾಗ ಒಮ್ಮೆಯೂ
ಇವತ್ತ ಸಾಲ್ಯಾಗ ಏನ ನಡೀತೋ ಅಂತ ಕೇಳಿಲ್ಲ ನಾ.
ಅಷ್ಟಽ ಬರದೆ.
ಎರಡೂ ಗೆರಿ ತುಂಬಿ
ಕಡೇ ಅಕ್ಷರ ಹರದ ಶಾಯಿಗೆ ಹತ್ತಿ ನಿಂತ್ವು.

ಉಳದದ್ದು ಬಾಯಿಲೆ ಹೇಳಿದ್ರಾತು,
ನಾಳೆ ಅವನ ಕೈ ಹಿಡದು ಹೋಗಿ, ಅಕ್ಕೋರ ಮುಂದ, ಆ ಸರ್ ಮುಂದ.
ಅಲ್ಲಿಂದ ಪ್ರೆಸ್ಸಿಗೆ.
ಹೊಸಾ ಆರ್ಡರ್ ಐತಿ, ಇನ್ನೂ ಸಾವಿರ.
ಗುರುಪಾದಪ್ಪನವರು ಬೈಲಿ,
ಸಹಿ ಕೆಳಗ ಇಳೀಲಿ,
ಹಾಳಿ ದಾಟಿದ್ರ ದಾಟಲಿ.